ಅಂಕಿಯೂ ಅದರ ಅಲಂಕಾರವೂ: ಸ್ಪ್ರೆಡ್‌ಷೀಟಿನ ನಾಣ್ಯರೂಪ ಫಲನಗಳ ವಿಮರ್ಶೆ

1

ಹಣದ ಮೊತ್ತಗಳನ್ನು ಒಳಗೊಂಡ ಕೋಷ್ಟಕಗಳು ಇಂದು ಬಹುಮಟ್ಟಿಗೆ ಸ್ಪ್ರೆಡ್‌ಷೀಟಿನಲ್ಲಿಯೇ ಸಿದ್ಧವಾಗುತ್ತವೆ. ವಾಣಿಜ್ಯಶಾಸ್ತ್ರ ಅರ್ಥಶಾಸ್ತ್ರಗಳ ಮಾತು ಹಾಗಿರಲಿ, ದೇವಾಲಯವೊಂದರ ಆಯವ್ಯಯವನ್ನೋ ಗ್ರಾಮವೊಂದರ ಕಂದಾಯದ ಲೆಕ್ಕವನ್ನೋ ಪರಿಶೀಲಿಸಹೊರಟ ಇತಿಹಾಸದ ವಿದ್ಯಾರ್ಥಿಯೂ ತನ್ನ ಅಂಕಿಗಳನ್ನು ಅದರ ಮನೆಗಳಲ್ಲಿಯೇ ತುಂಬುತ್ತಾನೆ. ಹೀಗೆ ಸಿದ್ಧವಾದ ಕೋಷ್ಟಕವು ಪ್ರಬಂಧದಲ್ಲಿ ಅಚ್ಚಾಗಿ ಬಂದಾಗ ವಾಚಕರು ಅದನ್ನು ಸಂದೇಹಿಸುವುದಿಲ್ಲ. ಯಂತ್ರವು ಕೂಡಿದ ಮೊತ್ತವೆಂಬ ಭರವಸೆ ಅವರಿಗಿರುತ್ತದೆ. ಆದರೆ ಅವರ ಕಣ್ಣಿಗೆ ಬಿದ್ದುದು ಯಂತ್ರವು ಕೂಡಿದ ಅಂಕಿಯ ಒಂದು ಬರೆಹ. ಅಂಕಿಗೂ ಬರೆಹಕ್ಕೂ ನಡುವೆ ಒಂದು ಕ್ರಿಯೆ ನಡೆದಿರುತ್ತದೆ. ಚಿಹ್ನೆಯನ್ನು ಸೇರಿಸುವುದು, ಅಲ್ಪವಿರಾಮಗಳನ್ನು ಇಡುವುದು, ಪೈಸೆಗಳನ್ನು ಎರಡು ಸ್ಥಾನಗಳಿಗೆ ಮೊಟಕುಗೊಳಿಸುವುದು ಈ ಕ್ರಿಯೆಯ ಅಂಗಗಳು. ಈ ಕ್ರಿಯೆಯನ್ನು ನೆರವೇರಿಸಲು ಸ್ಪ್ರೆಡ್‌ಷೀಟುಗಳಲ್ಲಿರುವ ಸಾಧನಗಳ ಗುಣದೋಷಗಳನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಇದು ಯಂತ್ರವಿದ್ಯೆಯವರಿಗೆ ಸೇರಿದ ವಿಷಯ, ವಿಮರ್ಶೆಗೆ ತಕ್ಕುದಲ್ಲ ಎಂದು ಕೆಲವರಿಗೆ ತೋರಬಹುದು. ನಮ್ಮ ಆಲಂಕಾರಿಕರು ಅಲಂಕಾರ ಮತ್ತು ಅಲಂಕಾರ್ಯ ಎಂಬ ಭೇದವನ್ನು ಮಾಡಿರುತ್ತಾರೆ. ಯಾವುದನ್ನು ಸಿಂಗರಿಸಲಾಗುತ್ತದೆಯೋ ಅದು ಅಲಂಕಾರ್ಯ, ಸಿಂಗರಿಸುವುದು ಅಲಂಕಾರ. ಇವೆರಡರ ಗಡಿ ಮಸುಕಾದಲ್ಲಿ ಕಾವ್ಯಕ್ಕೆ ಹಾನಿಯುಂಟಾಗುವಂತೆಯೇ ಲೆಕ್ಕಕ್ಕೂ ಹಾನಿಯುಂಟಾಗುತ್ತದೆ. ಮೊತ್ತವು ಅಲಂಕಾರ್ಯ, ನಾಣ್ಯದ ರೂಪವು ಅದರ ಅಲಂಕಾರ. ಈ ಗಡಿಯನ್ನು ಯಾವ ಸಾಧನ ಕಾಪಾಡುತ್ತದೆ, ಯಾವುದು ಅಳಿಸುತ್ತದೆ ಎಂಬುದೇ ಇಲ್ಲಿ ನಾವು ಹಿಡಿದಿರುವ ಒರೆಗಲ್ಲು.

2

ಮೊದಲ ಸ್ಪ್ರೆಡ್‌ಷೀಟೆಂದು ಪ್ರಸಿದ್ಧವಾದ ವಿಸಿಕ್ಯಾಲ್ಕ್ 1979ರಲ್ಲಿ ಹೊರಬಂದಿತು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅದರ ಕರ್ತೃಗಳು. ಮೊತ್ತವನ್ನು ಡಾಲರು ಸೆಂಟುಗಳ ರೀತಿಯಲ್ಲಿ ಎರಡು ದಶಮಾಂಶ ಸ್ಥಾನಗಳಿಗೆ ತೋರಿಸುವ ಒಂದು ಆಜ್ಞೆ ಅದರಲ್ಲಿಯೇ ಇದ್ದಿತು. ಈ ಆಜ್ಞೆಯು ಮನೆಯ ತೋರಿಕೆಗೆ ಮಾತ್ರ ಅನ್ವಯಿಸುತ್ತಿತ್ತು. ಒಳಗಿನ ಅಂಕಿಯನ್ನು ಮುಟ್ಟುತ್ತಿರಲಿಲ್ಲ. 1983ರ ಲೋಟಸ್ 1-2-3, 1985ರಲ್ಲಿ ಮೆಕಿಂಟಾಷ್ ಯಂತ್ರಕ್ಕೂ 1987ರಲ್ಲಿ ವಿಂಡೋಸಿಗೂ ಬಂದ ಎಕ್ಸೆಲ್ ಈ ತತ್ತ್ವವನ್ನೇ ಮುಂದುವರಿಸಿದುವು. ಮನೆಗೆ ಕೊಡುವ ಸಂಖ್ಯಾರೂಪ ಎಂಬ ಸಾಧನವು ಈ ಪರಂಪರೆಗೆ ಸೇರಿದುದು. 1234.567 ಎಂಬ ಅಂಕಿಯುಳ್ಳ ಮನೆಗೆ ನಾಣ್ಯರೂಪವನ್ನು ಕೊಟ್ಟರೆ ₹1,234.57 ಎಂದು ಕಾಣುತ್ತದೆ. ಆದರೆ ಆ ಮನೆಯನ್ನು ಬೇರೊಂದು ಸೂತ್ರವು ಕೇಳಿದಾಗ ಅದು ಕೊಡುವ ಉತ್ತರ 1234.567 ಎಂದೇ. ಅಲಂಕಾರ್ಯವು ಒಳಗೆ ಅಕ್ಷುಣ್ಣವಾಗಿ ಉಳಿದಿದೆ.

ಇಷ್ಟು ಶುದ್ಧವಾದ ತತ್ತ್ವದಲ್ಲಿಯೂ ಒಂದು ತೊಡಕುಂಟು. ನೂರು ರೂಪಾಯಿಗಳನ್ನು ಮೂವರಿಗೆ ಸಮನಾಗಿ ಹಂಚಿದ ಲೆಕ್ಕವನ್ನು ತೆಗೆದುಕೊಳ್ಳಬಹುದು. ಪ್ರತಿಯೊಂದು ಪಾಲೂ ₹33.33 ಎಂದು ಕಾಣುತ್ತದೆ. ಕೆಳಗಿನ ಮೊತ್ತ ₹100.00 ಎಂದು ಕಾಣುತ್ತದೆ. ಅಚ್ಚಾದ ಕೋಷ್ಟಕವನ್ನು ಕೈಯಿಂದ ಕೂಡಿ ನೋಡಿದ ವಾಚಕರಿಗೆ ದೊರೆಯುವುದು 99.99. ಯಂತ್ರದ ಲೆಕ್ಕವೂ ತಪ್ಪಲ್ಲ, ವಾಚಕರ ಲೆಕ್ಕವೂ ತಪ್ಪಲ್ಲ. ಯಂತ್ರವು ಒಳಗಿನ ಅಂಕಿಗಳನ್ನು ಕೂಡಿತು, ವಾಚಕರು ಹೊರಗಿನ ಬರೆಹಗಳನ್ನು ಕೂಡಿದರು. ಇದನ್ನು ನಿವಾರಿಸಲು ರೌಂಡ್ ಎಂಬ ಫಲನವನ್ನು ಬಳಸಿ ಪ್ರತಿಯೊಂದು ಪಾಲನ್ನೂ ನಿಜವಾಗಿಯೇ 33.33 ಆಗಿ ಮಾಡಬಹುದು. ಆಗ ಮೊತ್ತವೂ 99.99 ಆಗುತ್ತದೆ, ಒಂದು ಪೈಸೆ ಯಾರಿಗೂ ಸೇರದೆ ಉಳಿಯುತ್ತದೆ. ಅದನ್ನು ಯಾರ ಪಾಲಿಗೆ ಹಾಕಬೇಕೆಂಬುದು ಲೆಕ್ಕಿಗನು ತೀರ್ಮಾನಿಸಬೇಕಾದ ಮಾತು. ಹಾಗೆ ತೀರ್ಮಾನಿಸಿದುದನ್ನು ಕೋಷ್ಟಕದ ಕೆಳಗೆ ತಿಳಿಸಬೇಕಾದುದೂ ಅವನ ಕರ್ತವ್ಯ. ಸಂಖ್ಯಾರೂಪವು ಈ ಪೈಸೆಯನ್ನು ಮರೆಮಾಡುತ್ತದೆ, ರೌಂಡ್ ಫಲನವು ಎದುರಿಗೆ ತಂದು ನಿಲ್ಲಿಸುತ್ತದೆ. ಎಕ್ಸೆಲ್‌ನಲ್ಲಿ ಕಾಣುವಷ್ಟು ನಿಖರತೆಯನ್ನೇ ಒಳಗಿನ ಅಂಕಿಗೂ ವಿಧಿಸುವ ಇನ್ನೊಂದು ಏರ್ಪಾಡೂ ಉಂಟು. ಆದರೆ ಅದು ಇಡೀ ಕಡತದ ಅಂಕಿಗಳನ್ನು ಶಾಶ್ವತವಾಗಿ ಮೊಟಕುಮಾಡುವುದರಿಂದ ಮೂಲದತ್ತಾಂಶವನ್ನು ಕಾಪಾಡಬೇಕಾದ ಸಂಶೋಧಕನಿಗೆ ಅದು ಹಿತಕರವಲ್ಲ.

3

ಇನ್ನು ಫಲನಗಳ ವಿಚಾರ. ಇವುಗಳಲ್ಲಿ ಪ್ರಧಾನವಾದುದು ಡಾಲರ್ ಎಂಬ ಫಲನ. ಇದಕ್ಕೆ ಒಂದು ಅಂಕಿಯನ್ನೂ ಬೇಕಾದಲ್ಲಿ ದಶಮಾಂಶ ಸ್ಥಾನಗಳ ಸಂಖ್ಯೆಯನ್ನೂ ಕೊಡಬೇಕು. ಎರಡನೆಯದನ್ನು ಕೊಡದಿದ್ದರೆ ಎರಡು ಸ್ಥಾನಗಳೆಂದು ಅದು ತಾನೇ ಭಾವಿಸುತ್ತದೆ. ಸ್ಥಾನಸಂಖ್ಯೆಯು ಋಣವಾಗಿದ್ದರೆ ದಶಮಾಂಶ ಬಿಂದುವಿನ ಎಡಕ್ಕೂ ಮೊಟಕುಗೊಳಿಸುತ್ತದೆ; 1234.567 ಎಂಬ ಅಂಕಿಗೆ ಋಣ ಎರಡನ್ನು ಕೊಟ್ಟರೆ ಅಮೆರಿಕದ ಏರ್ಪಾಡಿನ ಯಂತ್ರದಲ್ಲಿ $1,200 ಎಂಬ ಉತ್ತರ ಬರುತ್ತದೆ. ಮೇಲೆ ಹೇಳಿದ ಸಂಖ್ಯಾರೂಪಕ್ಕೂ ಇದಕ್ಕೂ ಕಣ್ಣಿಗೆ ಕಾಣುವ ಭೇದ ಬಹಳ ಅಲ್ಪ. ಸ್ವಭಾವದ ಭೇದ ಮಾತ್ರ ಬಹಳ ದೊಡ್ಡದು. ಡಾಲರ್ ಫಲನದಿಂದ ಹೊರಬಂದುದು ಅಂಕಿಯೇ ಅಲ್ಲ. ಅದು ಅಕ್ಷರಗಳ ಸಾಲು. ಚಿಹ್ನೆ, ಅಲ್ಪವಿರಾಮ, ಬಿಂದು ಇವೆಲ್ಲವೂ ಸೇರಿ ಒಂದು ಪದವಾಗಿಬಿಟ್ಟಿವೆ. ಮೊಟಕುಗೊಂಡ ಭಾಗವು ಆ ಪದದಲ್ಲಿ ಎಲ್ಲಿಯೂ ಉಳಿದಿಲ್ಲ.

ಇದರ ಪರಿಣಾಮಗಳು ಮೂರು ಬಗೆಯಾಗಿ ಕಂಡುಬರುತ್ತವೆ. ಮೊದಲನೆಯದು ಸಂಕಲನದ್ದು. ಇಂತಹ ಪದಗಳಿಂದ ತುಂಬಿದ ಒಂದು ಕಂಬಸಾಲನ್ನು ಸಮ್ ಫಲನದಿಂದ ಕೂಡಿಸಿದರೆ ಉತ್ತರ ಸೊನ್ನೆ. ಏಕೆಂದರೆ ಆ ಫಲನವು ತನಗೆ ತೋರಿಸಿದ ಮನೆಗಳಲ್ಲಿ ಅಕ್ಷರಗಳಿದ್ದರೆ ಅವನ್ನು ಮಾತಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಅವೇ ಮನೆಗಳನ್ನು ಒಂದೊಂದಾಗಿ ಕೂಡು ಚಿಹ್ನೆಯಿಂದ ಸೇರಿಸಿದರೆ, ಯಂತ್ರದ ಪ್ರಾದೇಶಿಕ ಏರ್ಪಾಡಿಗೆ ಆ ಬರೆಹವು ಒಪ್ಪುವಂತಿದ್ದಲ್ಲಿ, ಎಕ್ಸೆಲ್ ಅವನ್ನು ಮತ್ತೆ ಅಂಕಿಗಳಾಗಿ ಓದಿಕೊಂಡು ಮೊತ್ತವನ್ನು ಕೊಡುತ್ತದೆ. ಒಂದೇ ಹಾಳೆ, ಅವೇ ಮನೆಗಳು, ಅದೇ ಸಂಕಲನ. ಉತ್ತರಗಳು ಮಾತ್ರ ಎರಡು. ಈ ಫಲನದ ಫಲಿತವನ್ನು ಸೂತ್ರಗಳಲ್ಲಿ ಮುಂದೆಯೂ ಬಳಸಬಹುದು, ಅಂಕಿಯಂತಿರುವ ಅಕ್ಷರಗಳನ್ನು ಲೆಕ್ಕದ ಕಾಲದಲ್ಲಿ ಅಂಕಿಯಾಗಿ ಪರಿವರ್ತಿಸಲಾಗುತ್ತದೆ ಎಂಬರ್ಥದ ಮಾತನ್ನು ತಯಾರಕರೇ ತಮ್ಮ ಸಹಾಯಕ ಬರೆಹದಲ್ಲಿ ಹೇಳಿರುತ್ತಾರೆ. ಈ ಮಾತು ಕೂಡು ಚಿಹ್ನೆಯ ಮಟ್ಟಿಗೆ ಸರಿ. ಲೆಕ್ಕಿಗನು ದಿನವೂ ಬಳಸುವ ಸಮ್ ಫಲನದ ಮಟ್ಟಿಗೆ ಸರಿಯಲ್ಲ. ಅರ್ಧಸತ್ಯವು ಅಜ್ಞಾನಕ್ಕಿಂತ ಹೆಚ್ಚು ಅಪಾಯಕರವೆನ್ನುವುದಕ್ಕೆ ಇದೊಂದು ನಿದರ್ಶನ.

ಎರಡನೆಯ ಪರಿಣಾಮವು ಅನುಕ್ರಮದ್ದು. ₹35.00, ₹200.00, ₹1,000.00 ಎಂಬ ಮೂರು ಪದಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ಸಾವಿರವು ಮೊದಲು, ಇನ್ನೂರು ಆಮೇಲೆ, ಮೂವತ್ತೈದು ಕೊನೆಗೆ ಬರುತ್ತದೆ. ನಿಘಂಟಿನ ಕ್ರಮವನ್ನು ಹಣಕ್ಕೆ ಅನ್ವಯಿಸಿದಂತಾಯಿತು. ಇಲ್ಲಿ ದೋಷವು ಕಣ್ಣಿಗೆ ಕಾಣುತ್ತದೆಂಬುದೊಂದು ಸಮಾಧಾನ. ಸಾವಿರಾರು ಸಾಲುಗಳ ದತ್ತಾಂಶದಲ್ಲಿ ಅದೂ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. ಡಾಲರ್ ಫಲನವು ಅಂಕಿತಗೊಳಿಸುವ ಚಿಹ್ನೆಯನ್ನು ಕಡತವು ನಿರ್ಣಯಿಸುವುದಿಲ್ಲ, ಕಡತವನ್ನು ತೆರೆದ ಯಂತ್ರದ ಏರ್ಪಾಡು ನಿರ್ಣಯಿಸುತ್ತದೆ. ಭಾರತದ ಏರ್ಪಾಡಿನ ಯಂತ್ರದಲ್ಲಿ ₹50,000.00 ಎಂದಿದ್ದ ಫಲಿತವು ಅಮೆರಿಕದ ಏರ್ಪಾಡಿನ ಯಂತ್ರದಲ್ಲಿ ಮರುಲೆಕ್ಕವಾದಾಗ $50,000.00 ಆಗುತ್ತದೆ. ವಿನಿಮಯದ ದರವನ್ನು ಯಾರೂ ಕೇಳಿಲ್ಲ. ಚಿಹ್ನೆ ಮಾತ್ರ ಬದಲಾಗಿದೆ, ಅದರೊಡನೆ ಅರ್ಥವೂ ಬದಲಾಗಿದೆ. ಮೊತ್ತವು ಯಾವ ನಾಣ್ಯದ್ದು ಎಂಬುದು ದತ್ತಾಂಶದ ಒಂದು ಭಾಗ; ಆಕರವನ್ನು ಓದಿದವನಿಗೆ ಮಾತ್ರ ಅದು ಗೊತ್ತು. ಅದನ್ನು ಓದುಗನ ಯಂತ್ರಕ್ಕೆ ಬಿಟ್ಟುಕೊಟ್ಟಿರುವುದು ಈ ಫಲನದ ಮೂಲಭೂತ ದೋಷವೆಂದು ನಮ್ಮ ಅಭಿಪ್ರಾಯ.

ಹೆಸರಿನಲ್ಲಿಯೂ ಈ ಗೊಂದಲದ ಗುರುತು ಉಳಿದಿದೆ. ರೂಪಾಯಿಯನ್ನೂ ಯೆನ್ನನ್ನೂ ಬರೆಯಬಲ್ಲ ಫಲನಕ್ಕೆ ಡಾಲರ್ ಎಂದು ಹೆಸರು. ಜರ್ಮನ್ ಭಾಷೆಯ ಎಕ್ಸೆಲ್‌ನಲ್ಲಿ ಇದರ ಹೆಸರು ಡಿಎಂ, ಎಂದರೆ ಡಾಯಿಷ್ ಮಾರ್ಕ್. ಯೂರೋ ನಾಣ್ಯಗಳೂ ನೋಟುಗಳೂ 2002ರ ಜನವರಿಯಲ್ಲಿ ಚಲಾವಣೆಗೆ ಬಂದು ಮಾರ್ಕ್ ಅಳಿದುಹೋದರೂ ಫಲನದ ಹೆಸರಾಗಿ ಅದು ಬಾಳುತ್ತಿದೆ. ಆ ಹೆಸರಿನ ಫಲನವು ಇಂದು ಬರೆಯುವುದು ಯೂರೋ ಚಿಹ್ನೆಯನ್ನು. ನಾಣ್ಯವು ಹೋದರೂ ನಾಣ್ಯದ ಹೆಸರು ಲೆಕ್ಕದಲ್ಲಿ ಉಳಿಯುವುದು ಶಾಸನಗಳನ್ನು ಓದುವವರಿಗೆ ಹೊಸತಲ್ಲ.

4

ಇಷ್ಟು ಹೇಳಿದ ಮೇಲೆ ಪೂರ್ವಪಕ್ಷವನ್ನೂ ಪರಿಶೀಲಿಸುವುದು ನ್ಯಾಯ. ಅಂಕಿಯನ್ನು ಅಕ್ಷರವಾಗಿ ಮಾಡುವ ಫಲನಗಳಿಗೆ ಅವುಗಳದೇ ಆದ ಒಂದು ಸ್ಥಾನವಿದೆ. ಆ ಸ್ಥಾನವನ್ನು ತಿಳಿಯದೆ ಬಳಸಿದವನ ದೋಷವನ್ನು ಸಾಧನದ ಮೇಲೆ ಹೊರಿಸಲಾಗದು ಎಂದು ಅವುಗಳ ಪರವಾಗಿ ವಾದಿಸಬಹುದು. ಈ ವಾದದ ಮೊದಲರ್ಧವನ್ನು ಒಪ್ಪಲೇಬೇಕು. ಒಟ್ಟು ಆದಾಯ ಇಷ್ಟು ಎಂಬ ವಾಕ್ಯವೊಂದನ್ನು ಮನೆಯಲ್ಲಿ ರಚಿಸಬೇಕಾದಾಗ, ಮಾತನ್ನೂ ಅಂಕಿಯ ಮನೆಯನ್ನೂ ಜೋಡಿಸಿದರೆ ಆ ಮನೆಗೆ ಕೊಟ್ಟಿದ್ದ ಸಂಖ್ಯಾರೂಪವು ಕಳಚಿಬಿದ್ದು ಬರಿಯ ಅಂಕಿಯೇ ವಾಕ್ಯದೊಳಗೆ ಬರುತ್ತದೆ. ಅಲ್ಲಿ ಟೆಕ್ಸ್ಟ್ ಎಂಬ ಫಲನವು ಅನಿವಾರ್ಯ. ಇದಕ್ಕೆ ಅಂಕಿಯೊಡನೆ ಬೇಕಾದ ರೂಪವನ್ನೂ ಬರೆದು ಕೊಡಬೇಕು, "₹#,##0.00" ಎಂದು ಬರೆದರೆ ರೂಪಾಯಿ ಚಿಹ್ನೆಯು ಸೂತ್ರದಲ್ಲಿಯೇ ನಿಲ್ಲುತ್ತದೆ, ಯಂತ್ರವನ್ನು ಅನುಸರಿಸಿ ಬದಲಾಗುವುದಿಲ್ಲ. ಡಾಲರ್ ಫಲನವು ಬರೆಯುವವನಿಂದ ಕಸಿದುಕೊಂಡ ಅಧಿಕಾರವನ್ನು ಟೆಕ್ಸ್ಟ್ ಫಲನವು ಅವನಿಗೆ ಹಿಂದಿರುಗಿಸುತ್ತದೆ. ಇದರ ಫಲಿತವೂ ಅಕ್ಷರವೇ ಆದುದರಿಂದ ವಾಕ್ಯಕ್ಕೆ ಮಾತ್ರ ಇದು ಯೋಗ್ಯ, ಕಂಬಸಾಲಿಗೆ ಅಲ್ಲ.

ವಾದದ ಉತ್ತರಾರ್ಧವನ್ನು ಒಪ್ಪುವುದು ಕಷ್ಟ. ಬೇರೆ ದಾರಿ ಸಾಧ್ಯವಿತ್ತು ಎಂಬುದಕ್ಕೆ ಗೂಗಲ್ ಷೀಟ್ಸ್ ಸಾಕ್ಷಿ. ಅದರಲ್ಲಿ ಡಾಲರ್ ಫಲನದ ಜೊತೆಗೆ ಟು ಡಾಲರ್ಸ್ ಎಂಬ ಇನ್ನೊಂದು ಫಲನವಿದೆ. ಇದು ಅಂಕಿಯನ್ನು ಅಂಕಿಯಾಗಿಯೇ ಉಳಿಸಿ ಅದಕ್ಕೆ ನಾಣ್ಯರೂಪವನ್ನು ಕೊಡುತ್ತದೆ. ಅಷ್ಟೇ ಅಲ್ಲದೆ, ಅಲ್ಲಿ ಪ್ರದೇಶದ ಏರ್ಪಾಡು ಯಂತ್ರಕ್ಕಲ್ಲದೆ ಕಡತಕ್ಕೆ ಸೇರಿರುವುದರಿಂದ ಕಡತವು ಎಲ್ಲಿಗೆ ಹೋದರೂ ಅದೂ ಜೊತೆಯಲ್ಲಿಯೇ ಹೋಗುತ್ತದೆ.

5

ಭಾರತೀಯ ಮೊತ್ತಗಳಿಗೆ ವಿಶಿಷ್ಟವಾದ ಎರಡು ಪ್ರಶ್ನೆಗಳು ಉಳಿಯುತ್ತವೆ. ಚಿಹ್ನೆಯದು ಈಗ ಪ್ರಶ್ನೆಯಲ್ಲ, ಡಿ. ಉದಯ ಕುಮಾರ್ ರಚಿಸಿದ ₹ ಎಂಬ ಚಿಹ್ನೆಯನ್ನು ಕೇಂದ್ರ ಸರ್ಕಾರವು 2010ರ ಜುಲೈ 15ರಂದು ಅಂಗೀಕರಿಸಿತು, ಅದೇ ವರ್ಷ ಅದು ಯೂನಿಕೋಡಿನಲ್ಲಿಯೂ ಸೇರಿತು. ಮೊದಲನೆಯ ಪ್ರಶ್ನೆ ಲಕ್ಷ ಕೋಟಿಗಳ ವಿಂಗಡಣೆಯದು. ಬಲದಿಂದ ಮೂರು ಸ್ಥಾನಗಳಾದ ಮೇಲೆ ಎರಡೆರಡು ಸ್ಥಾನಗಳಿಗೊಂದು ಅಲ್ಪವಿರಾಮವನ್ನಿಡುವುದು ನಮ್ಮ ಪದ್ಧತಿ. 1,23,45,678 ಎಂದು ಬರೆದರೆ ಒಂದು ಕೋಟಿ ಇಪ್ಪತ್ತಮೂರು ಲಕ್ಷ ಎಂದು ನೋಟಮಾತ್ರದಿಂದಲೇ ತಿಳಿಯುತ್ತದೆ. ಎಕ್ಸೆಲ್‌ನಲ್ಲಿ ಈ ವಿಂಗಡಣೆಯೂ ವಿಂಡೋಸಿನ ಏರ್ಪಾಡಿಗೆ ಅಧೀನ. ಅದೇ ಕಡತವನ್ನು ಪಾಶ್ಚಾತ್ಯ ಏರ್ಪಾಡಿನಲ್ಲಿ ತೆರೆದರೆ 12,345,678 ಎಂದು ಕಾಣುತ್ತದೆ. ರೂಪದಲ್ಲಿ #,##,##0 ಎಂದು ಬರೆದರೂ ಅದು ಅಲ್ಪವಿರಾಮದ ಸ್ಥಾನವನ್ನು ಗಮನಿಸುವುದಿಲ್ಲ. ಲಿಬ್ರೆ ಆಫೀಸಿನ ಕ್ಯಾಲ್ಕ್ ಇದನ್ನು ಗಮನಿಸಿ ನಮ್ಮ ಪದ್ಧತಿಯಂತೆಯೇ ತೋರಿಸುತ್ತದೆ. ಈ ವಿಷಯದಲ್ಲಿ ಕ್ಯಾಲ್ಕ್ ಶ್ರೇಷ್ಠವೆಂದು ಹೇಳಲು ಸಂಕೋಚವಿಲ್ಲ.

ಎಕ್ಸೆಲ್ ಬಳಸುವವರಲ್ಲಿ ಪ್ರಚಾರದಲ್ಲಿರುವ ಪರಿಹಾರವೊಂದು ಉಂಟು: [>=10000000]##\,##\,##\,##0;[>=100000]##\,##\,##0;##,##0 ಎಂಬ ರೂಪ. ಕೋಟಿಯನ್ನು ಮುಟ್ಟಿದ ಮೊತ್ತಕ್ಕೆ ಒಂದು, ಲಕ್ಷವನ್ನು ಮುಟ್ಟಿದುದಕ್ಕೆ ಇನ್ನೊಂದು, ಉಳಿದುದಕ್ಕೆಲ್ಲ ಮೂರನೆಯದು ಎಂಬುದು ಇದರ ಏರ್ಪಾಡು. ಜಾಣತನದ ಕೆಲಸವೇನೋ ಹೌದು; ಆದರೆ ಎರಡು ಕಡೆ ಮುರಿಯುತ್ತದೆ. ಒಂದು ರೂಪದಲ್ಲಿ ಇಂತಹ ನಿಬಂಧನೆಗಳು ಎರಡಕ್ಕಿಂತ ಹೆಚ್ಚು ಇರಕೂಡದಾದುದರಿಂದ ಋಣಮೊತ್ತಗಳೆಲ್ಲವೂ ಮೂರನೆಯ ವಿಭಾಗಕ್ಕೆ ಬೀಳುತ್ತವೆ. ಹನ್ನೆರಡು ಲಕ್ಷದ ಆದಾಯವು 12,34,567 ಎಂದೂ ಅಷ್ಟೇ ನಷ್ಟವು ಪಾಶ್ಚಾತ್ಯ ಏರ್ಪಾಡಿನಲ್ಲಿ -1,234,567 ಎಂದೂ ಒಂದೇ ಕೋಷ್ಟಕದಲ್ಲಿ ಕಾಣುತ್ತವೆ. ಮೊತ್ತವು ನೂರು ಕೋಟಿಯನ್ನು ದಾಟಿದರೆ 1,23,45,67,890 ಎಂದಿರಬೇಕಾದುದು 123,45,67,890 ಎಂದಾಗುತ್ತದೆ. ಲಾಭವನ್ನು ಒಂದು ಪದ್ಧತಿಯಲ್ಲಿಯೂ ನಷ್ಟವನ್ನು ಇನ್ನೊಂದರಲ್ಲಿಯೂ ಬರೆಯುವ ಕೋಷ್ಟಕವನ್ನು ಓದುವವರು ಮೋಸಹೋಗುವುದು ಸಹಜ. ಇಂತಹ ರೂಪವನ್ನು ಬಳಸುವವರು ಅದರ ಮೇರೆಯನ್ನು ಅರಿತು ಬಳಸತಕ್ಕದ್ದು.

ಎರಡನೆಯ ಪ್ರಶ್ನೆ ಹಳೆಯ ಲೆಕ್ಕಗಳದು. ದಶಮಾಂಶ ನಾಣ್ಯಪದ್ಧತಿಯು 1957ರ ಏಪ್ರಿಲ್ 1ರಂದು ಜಾರಿಗೆ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈಗಳು ಇದ್ದುವು. ಆ ಕಾಲದ ಕಡತಗಳನ್ನು ನೋಡುವ ಸಂಶೋಧಕನು 5 ರೂಪಾಯಿ 12 ಆಣೆಯನ್ನು 5.12 ಎಂದು ತುಂಬಿ ನಾಣ್ಯರೂಪವನ್ನು ಕೊಟ್ಟರೆ ಯಂತ್ರವು ₹5.12 ಎಂದು ಗಂಭೀರವಾಗಿ ತೋರಿಸುತ್ತದೆ. ನಿಜವಾದ ಮೊತ್ತ 5.75. ರೂಪವು ಸರಿಯಾಗಿರುವುದರಿಂದಲೇ ಇಲ್ಲಿ ತಪ್ಪು ಮರೆಯಾಗುತ್ತದೆ. ಇದಕ್ಕೆ ಮದ್ದು ಡಾಲರ್ ಡಿಇ ಎಂಬ ಫಲನದಲ್ಲಿ ಇದೆಯೆಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಂತಿಲ್ಲ. ಅಮೆರಿಕದ ಷೇರುಪೇಟೆಯಲ್ಲಿ ಬೆಲೆಗಳನ್ನು ಭಿನ್ನರಾಶಿಗಳಲ್ಲಿ ಹೇಳುವ ಪದ್ಧತಿ 2001ರವರೆಗೂ ಇದ್ದಿತು. ಸರ್ಕಾರದ ಸಾಲಪತ್ರಗಳ ಬೆಲೆಯನ್ನು ಇಂದಿಗೂ 32ನೆಯ ಅಂಶಗಳಲ್ಲಿ ಹೇಳುತ್ತಾರೆ. ಅಂತಹ ಬೆಲೆಯನ್ನು ದಶಮಾಂಶಕ್ಕೆ ತರುವ ಈ ಫಲನಕ್ಕೆ 5.12 ಮತ್ತು 16 ಎಂದು ಕೊಟ್ಟರೆ 5.75 ದೊರೆಯುತ್ತದೆ. 5 ರೂಪಾಯಿ 3 ಆಣೆ 6 ಪೈಗಳನ್ನು 42 ಪೈಗಳೆಂದು ಎಣಿಸಿ 5.042 ಮತ್ತು 192 ಎಂದು ಕೊಟ್ಟರೆ 5.21875. ಇದರ ವಿಲೋಮಕ್ರಿಯೆಗೆ ಡಾಲರ್ ಎಫ್‌ಆರ್ ಎಂಬುದಿದೆ, 5.75 ಮತ್ತು 16 ಕೊಟ್ಟರೆ 5.12 ಹಿಂದಿರುಗುತ್ತದೆ. ಹೆಸರಿನಲ್ಲಿ ಡಾಲರ್ ಇದ್ದರೂ ಇವೆರಡೂ ಅಂಕಿಯನ್ನು ಅಂಕಿಯಾಗಿಯೇ ಕೊಡುತ್ತವೆಂಬುದು ಗಮನಾರ್ಹ.

ಇಲ್ಲಿಯೂ ಎಚ್ಚರ ಬೇಕು. ಮೂರು ಆಣೆಯನ್ನು 5.03 ಎಂದು ಬರೆಯಬೇಕಲ್ಲದೆ 5.3 ಎಂದು ಬರೆಯಕೂಡದು. ಹಾಗೆ ಬರೆದರೆ ಫಲನವು ಅದನ್ನು ಮೂವತ್ತು ಆಣೆಯೆಂದು ತಿಳಿದು 6.875 ಎಂದು ಉತ್ತರಿಸುತ್ತದೆ, ಎಚ್ಚರಿಕೆಯ ಮಾತನ್ನು ಆಡುವುದಿಲ್ಲ. ಎರಡು ಆಣೆ ಎಂದರೆ ಸರಿಯಾಗಿ ಹನ್ನೆರಡೂವರೆ ಹೊಸ ಪೈಸೆ. ಎರಡು ಸ್ಥಾನಗಳ ನಾಣ್ಯರೂಪವು ಅದನ್ನು 0.13 ಎಂದು ತೋರಿಸುತ್ತದೆ. ಆ ಅರೆಪೈಸೆ ಯಾರ ಕಡೆಗೆ ಸೇರಬೇಕೆಂಬುದು ಕೊಡುವವನಿಗೂ ಕೊಳ್ಳುವವನಿಗೂ ಒಂದು ವ್ಯವಹಾರದ ಪ್ರಶ್ನೆ. ರೂಪವು ಅದನ್ನು ತಾನೇ ತೀರ್ಮಾನಿಸಿಬಿಡುತ್ತದೆ. ಆದುದರಿಂದ ಆಣೆ ಪೈಗಳ ಕೋಷ್ಟಕಗಳಲ್ಲಿ ಎರಡು ಸ್ಥಾನಗಳ ರೂಪವನ್ನು ತೊರೆದು, ರೂಪಾಯಿ, ಆಣೆ, ಪೈಗಳಿಗೆ ಮೂರು ಪ್ರತ್ಯೇಕ ಕಂಬಸಾಲುಗಳನ್ನಿಟ್ಟು, ನಾಲ್ಕನೆಯದರಲ್ಲಿ ದಶಮಾಂಶವನ್ನು ಪೂರ್ಣವಾಗಿ ಕೊಡುವುದು ಲೇಸು. ಆಗ ಆಕರದಲ್ಲಿದ್ದುದು ಏನು, ಸಂಶೋಧಕನು ಮಾಡಿದ ಲೆಕ್ಕ ಯಾವುದು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ.

6

ಹಣದ ಮೊತ್ತವನ್ನು ಎರಡು ಸಲ ಬರೆಯುವ ಪದ್ಧತಿ ನಮಗೆ ಹಳೆಯದು. ಚೆಕ್ಕಿನಲ್ಲಿ ಅಂಕಿಯಲ್ಲೊಮ್ಮೆ, ಅಕ್ಷರದಲ್ಲೊಮ್ಮೆ ಬರೆಯುತ್ತೇವೆ. ಎರಡಕ್ಕೂ ಭೇದವುಂಟಾದಲ್ಲಿ ಯಾವುದು ನಿಲ್ಲತಕ್ಕದ್ದೆಂಬುದನ್ನು 1881ರ ವರ್ಗಾವಣೀಯ ಪತ್ರಗಳ ಕಾಯಿದೆಯ 18ನೆಯ ಪ್ರಕರಣವು ನಿರ್ಣಯಿಸಿದೆ: ಅಕ್ಷರದಲ್ಲಿ ಬರೆದುದೇ ಮೊತ್ತ. ಅಂಕಿಯನ್ನು ತಿದ್ದುವುದು ಸುಲಭ, ಅಕ್ಷರವನ್ನು ತಿದ್ದುವುದು ಕಷ್ಟ ಎಂಬ ವ್ಯವಹಾರಜ್ಞಾನ ಇದರ ಹಿಂದೆ ಇದ್ದಿರಬೇಕು. ಸ್ಪ್ರೆಡ್‌ಷೀಟಿನಲ್ಲಿಯೂ ಮೊತ್ತವು ಎರಡು ಸಲ ಇರುತ್ತದೆ. ಒಳಗೆ ಅಂಕಿಯಾಗಿ, ಹೊರಗೆ ಬರೆಹವಾಗಿ. ಅಲ್ಲಿ ಮಾತ್ರ ಇವೆರಡರಲ್ಲಿ ಯಾವುದು ನಿಲ್ಲತಕ್ಕದ್ದೆಂದು ಹೇಳುವ ಪ್ರಕರಣವಿಲ್ಲ. ಲೆಕ್ಕದಲ್ಲಿ ಅಂಕಿಯು ಗೆಲ್ಲುತ್ತದೆ, ಅಚ್ಚಿನಲ್ಲಿ ಬರೆಹವು ಗೆಲ್ಲುತ್ತದೆ. ಥಾಯಿ ಭಾಷೆಗೆ ಬಾತ್‌ಟೆಕ್ಸ್ಟ್ ಎಂಬ ಫಲನವು ಎಕ್ಸೆಲ್‌ನಲ್ಲಿದ್ದು ಮೊತ್ತವನ್ನು ಥಾಯಿ ಮಾತುಗಳಲ್ಲಿಯೇ ಬರೆದುಕೊಡುತ್ತದೆ. ರೂಪಾಯಿಯನ್ನು ಕನ್ನಡದ ಮಾತುಗಳಲ್ಲಿ ಬರೆಯುವ ಅಂತಹ ಫಲನವು ಅದರಲ್ಲಿ ಇಲ್ಲ. ಇದ್ದಿದ್ದರೂ ಮೇಲಿನ ಪ್ರಶ್ನೆಗೆ ಉತ್ತರವನ್ನು ಲೆಕ್ಕಿಗನೇ ಕೊಡಬೇಕಾಗುತ್ತಿತ್ತು.

ಈ ವಿವೇಚನೆಯಿಂದ ಫಲಿಸುವ ತೀರ್ಮಾನಗಳು ಇಷ್ಟು. ಕಂಬಸಾಲುಗಳಲ್ಲಿ ಅಂಕಿಯನ್ನು ಅಂಕಿಯಾಗಿಯೇ ಇಟ್ಟು ಸಂಖ್ಯಾರೂಪವನ್ನು ಮಾತ್ರ ಕೊಡಬೇಕು. ಆ ರೂಪದಲ್ಲಿ ರೂಪಾಯಿ ಚಿಹ್ನೆಯನ್ನು ಹೆಸರಿಸಿ ಆರಿಸಬೇಕು. ಟೆಕ್ಸ್ಟ್ ಫಲನವು ವಾಕ್ಯಗಳಿಗೆ ಮೀಸಲಾಗಿರಬೇಕು. ಡಾಲರ್ ಫಲನವನ್ನು ಸಂಶೋಧನೆಯ ಕೋಷ್ಟಕಗಳಲ್ಲಿ ಬಳಸದಿರುವುದೇ ಉತ್ತಮ. ಮೊಟಕುಗೊಳಿಸಬೇಕಾದಲ್ಲಿ ರೌಂಡ್ ಫಲನದಿಂದ ಬಹಿರಂಗವಾಗಿ ಮೊಟಕುಗೊಳಿಸಿ, ಉಳಿದ ಪೈಸೆ ಎಲ್ಲಿಗೆ ಹೋಯಿತೆಂಬುದನ್ನು ಅಡಿಯಲ್ಲಿ ತಿಳಿಸಬೇಕು. ನಾಣ್ಯ ಯಾವುದು, ಯಾವ ವರ್ಷದ್ದು ಎಂಬುದನ್ನು ಕೋಷ್ಟಕದ ಶೀರ್ಷಿಕೆಯಲ್ಲಿ ಮಾತಿನಲ್ಲಿಯೇ ಬರೆಯಬೇಕು. ಯಾವ ಯಂತ್ರದ ಯಾವ ಏರ್ಪಾಡೂ ಆ ಮಾತನ್ನು ಬದಲಾಯಿಸಲಾರದು. ದೇವಾಲಯದ ಲೆಕ್ಕ ಬರೆದ ಶಾನುಭೋಗನು ತನ್ನ ಪುಸ್ತಕವನ್ನು ಯಾರಾದರೂ ಕೂಡಿ ನೋಡಿಯಾರೆಂಬ ಭಯದಿಂದ ಬರೆಯುತ್ತಿದ್ದನು. ಅವನ ಲೆಕ್ಕವನ್ನು ಮರಳಿ ಬರೆಯುವ ನಮಗೂ ಆ ಭಯವಿರುವುದು ಅವಶ್ಯ.